ಮಾವಳ್ಳಿಯಿಂದ ಕುಮಟಾದವರೆಗೆ: ಉತ್ತರ ಕನ್ನಡದ ದಕ್ಷಿಣ ಭಾಗದ ಆಸ್ಪತ್ರೆಗಳು ಮತ್ತು ಸಮುದಾಯದ ಆರೋಗ್ಯ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಆಸ್ಪತ್ರೆಗಳ ಚರಿತ್ರೆಯನ್ನು ಕಟ್ಟಡ ಮತ್ತು ಹಾಸಿಗೆಗಳ ಲೆಕ್ಕದಿಂದಷ್ಟೇ ಅರಿಯಲಾಗದು. ರೋಗಿಯು ಯಾವ ದಾರಿ ಹಿಡಿದು ಎಲ್ಲಿಗೆ ಹೋಗಬೇಕಾಗಿತ್ತು ಎಂಬುದೂ ಆ ಚರಿತ್ರೆಯ ಮುಖ್ಯ ಭಾಗ. ಮುರ್ಡೇಶ್ವರವನ್ನು ಒಳಗೊಂಡ ಮಾವಳ್ಳಿ ಹೋಬಳಿಯ ಜನರಿಗೆ ಕಂದಾಯ, ಕಚೇರಿಗಳ ಕೆಲಸಕ್ಕೆ ಜಿಲ್ಲಾ ಕೇಂದ್ರವಾದ ಕಾರವಾರ ಉತ್ತರದಲ್ಲಿದ್ದರೆ, ಪ್ರಾಣಕ್ಕೆ ಸಂಚಕಾರ ತರುವ ಕಾಯಿಲೆಗೆ ಅವರು ನೆಚ್ಚಿಕೊಂಡ ಮಣಿಪಾಲ, ಮಂಗಳೂರುಗಳು ದಕ್ಷಿಣದಲ್ಲಿವೆ. ಆಡಳಿತ ಒಂದು ದಿಕ್ಕಿಗೆ, ಚಿಕಿತ್ಸೆ ಇನ್ನೊಂದು ದಿಕ್ಕಿಗೆ ಎಂಬ ಈ ಸ್ಥಿತಿಗೆ ದೀರ್ಘ ಹಿನ್ನೆಲೆಯಿದೆ.

ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದಾಗ, ಒಂದೇ ಬದುಕಿನ ಕರಾವಳಿ ಎರಡು ಆಡಳಿತಗಳ ಪಾಲಾಯಿತು. ಶರಾವತಿ, ಅಘನಾಶಿನಿಗಳ ಅಳಿವೆಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಆ ಕಾಲದಲ್ಲಿ, ಪಟ್ಟಣದ ಸರಕಾರಿ ದವಾಖಾನೆಗಿಂತ ಊರಿನ ನಾಟಿ ವೈದ್ಯರೇ ಬಹುಪಾಲು ಜನರಿಗೆ ಹತ್ತಿರವಾಗಿದ್ದರು. ಈ ಕರಾವಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದಲ್ಲಿ ಉಳಿದುಬಂದಿರುವ ಗಿಡಮೂಲಿಕೆಯ ಅರಿವನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು.

ಸಮುದಾಯದ ಆರೋಗ್ಯದಲ್ಲಿ ಈ ಜಿಲ್ಲೆ ಕಂಡ ಮೊದಲ ದೊಡ್ಡ ಬದಲಾವಣೆ ಆಸ್ಪತ್ರೆಯ ಒಳಗೆ ನಡೆದದ್ದಲ್ಲ. ಘಟ್ಟದ ಮೇಲಿನ ಮತ್ತು ತಪ್ಪಲಿನ ಊರುಗಳನ್ನು ಮಲೇರಿಯಾ ತಲೆಮಾರುಗಳ ಕಾಲ ಹಿಂಡಿತ್ತು. 1946ರ ಸುಮಾರಿಗೆ ಮಲೇರಿಯಾ ಸಂಶೋಧಕರಾದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮವನ್ನು ವ್ಯಾಪಕವಾಗಿ ನಡೆಸಿದರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತು ವಿಶ್ರಮಿಸುತ್ತದೆ. ಗೋಡೆಗೆ ಅಂಟಿದ ಮದ್ದು ತಿಂಗಳುಗಟ್ಟಲೆ ಉಳಿದು ಅದನ್ನು ಕೊಲ್ಲುತ್ತದೆ ಎಂಬುದೇ ಈ ವಿಧಾನದ ತತ್ತ್ವ. ಇದರಿಂದ ಜನನ, ಮರಣಗಳ ಪ್ರಮಾಣದಲ್ಲಾದ ಬದಲಾವಣೆಯನ್ನು ವಿಶ್ವನಾಥನ್ 1949ರಲ್ಲಿ ಪ್ರಾಂತ್ಯದ ಉಳಿದ ಭಾಗಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದರು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ ಎಂಬುದನ್ನು ನೆನೆದರೆ, ಈ ಜಿಲ್ಲೆಯ ಅನುಭವಕ್ಕೆ ದೇಶದ ವೈದ್ಯಕೀಯ ಇತಿಹಾಸದಲ್ಲಿ ಈಗ ಸಿಕ್ಕಿರುವುದಕ್ಕಿಂತ ಹೆಚ್ಚಿನ ಸ್ಥಾನ ಸಲ್ಲಬೇಕೆನಿಸುತ್ತದೆ.

ಮಂಗನ ಕಾಯಿಲೆ ಒಡ್ಡಿದ ಸವಾಲು ಬೇರೆ ಬಗೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಮುಂದಿನ ದಶಕಗಳಲ್ಲಿ ಹೊನ್ನಾವರ, ಸಿದ್ದಾಪುರಗಳ ಕಡೆಗೂ ಹಬ್ಬಿದ ಈ ವೈರಸ್ ರೋಗವು ಉಣ್ಣಿಯ ಕಡಿತದಿಂದ, ಸೊಪ್ಪು, ಸೌದೆ, ದನಗಳ ನಿಮಿತ್ತ ಕಾಡು ಹೊಕ್ಕವರಿಗೆ ತಗಲುತ್ತದೆ. ವೈರಸನ್ನೇ ನೇರವಾಗಿ ಮಣಿಸುವ ಔಷಧ ಇಲ್ಲದಿರುವುದರಿಂದ ದ್ರವದ ಸಮತೋಲ ಕಾಯುವುದು, ರಕ್ತಸ್ರಾವವನ್ನು ಗಮನಿಸುವುದೇ ಚಿಕಿತ್ಸೆಯ ತಿರುಳು. ಆದ್ದರಿಂದ ಕಾಡಿನಲ್ಲಿ ಮಂಗ ಸತ್ತ ಸುದ್ದಿಯನ್ನು ತಲುಪಿಸುವ ಊರಿನವರು, ಜ್ವರ ಬಂದವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆ, ರಕ್ತದ ಮಾದರಿಯನ್ನು ಕಳಿಸುವ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ರೋಗಿಯನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವ ತಾಲ್ಲೂಕು ಆಸ್ಪತ್ರೆ, ಇವು ಒಂದೇ ಸರಪಳಿಯ ಕೊಂಡಿಗಳು. ದೂರದ ಮಹಾನಗರದ ಆಸ್ಪತ್ರೆ ಎಷ್ಟೇ ಸಮರ್ಥವಾಗಿದ್ದರೂ ಈ ಕೆಲಸವನ್ನು ಮಾಡಲಾರದು.

ದೇಶದ ಆರೋಗ್ಯ ಸೇವೆಯನ್ನು ಕುರಿತ 1946ರ ಭೋರ್ ಸಮಿತಿಯ ವರದಿಯು ಹಳ್ಳಿಯಿಂದ ಜಿಲ್ಲೆಯವರೆಗೆ ಹಂತಹಂತವಾಗಿ ಏರುವ ಸೇವೆಯನ್ನು ಕಲ್ಪಿಸಿತ್ತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕೆಳಗಿನ ಹಂತಗಳು ಕಾಲಕ್ರಮದಲ್ಲಿ ರೂಪುಗೊಂಡರೂ ಮೇಲಿನ ಹಂತ ಬಹುಕಾಲ ಗಟ್ಟಿಯಾಗಲಿಲ್ಲ. ಈ ನಡುವೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದರು. ರೋಗಿಗಳ ಪಯಣ ಸಹಜವಾಗಿಯೇ ಅತ್ತ ತಿರುಗಿತು. ಹೊನ್ನಾವರದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆ ಮತ್ತು ಉದ್ಯಮಿ ಆರ್.ಎನ್. ಶೆಟ್ಟಿ ಅವರು ಹುಟ್ಟೂರಾದ ಮುರ್ಡೇಶ್ವರದಲ್ಲಿ ಕಟ್ಟಿಸಿದ ಆಸ್ಪತ್ರೆ ಸ್ಥಳೀಯ ಕೊರತೆಯನ್ನು ಒಂದಿಷ್ಟು ತುಂಬಿದವು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದದ್ದು ಈ ಶತಮಾನದ ಎರಡನೆಯ ದಶಕದಲ್ಲಿ.

2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ರೋಗಿಯನ್ನು ಬೇಗ ವಾಹನಕ್ಕೆ ಹತ್ತಿಸಿತಾದರೂ, ತಲಪಬೇಕಾದ ಜಾಗವನ್ನು ಹತ್ತಿರಕ್ಕೆ ತರಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಅಂದರೆ ಹೃದಯ, ಮಿದುಳು, ಮೂತ್ರಪಿಂಡಗಳಂಥ ಅಂಗಗಳಿಗೆ ಪ್ರತ್ಯೇಕ ತಜ್ಞರಿರುವ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ಆಗ ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂಬ ಚಳವಳಿಯಾಗಿ ಬೆಳೆಯಿತು. ಎರಡು ವರ್ಷಗಳ ಬಳಿಕ, 2024ರ ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿದಾಗ ಕುಮಟಾದಿಂದ ಕಾರವಾರಕ್ಕೆ ಹೋಗುವ ನೇರ ದಾರಿಯೇ ಇಲ್ಲವಾಯಿತು. ಚಳವಳಿಯ ಬೇಡಿಕೆ ನ್ಯಾಯವಾದದ್ದು. ಆದರೆ ಗುಡ್ಡ ಜರಿಯುವ ಮಳೆಗಾಲದಲ್ಲಿ ಹೆರಿಗೆಗೆ ಬಂದ ತಾಯಿಗೂ ಎದೆನೋವಿನ ಮೀನುಗಾರನಿಗೂ ಮೊದಲ ಗಂಟೆಗಳಲ್ಲಿ ಒದಗುವುದು ತಾಲ್ಲೂಕು ಆಸ್ಪತ್ರೆಯೇ ಆದ್ದರಿಂದ, ಅರಿವಳಿಕೆ ತಜ್ಞರು, ರಕ್ತ ಮತ್ತು ರಾತ್ರಿಪಾಳಿಯ ವೈದ್ಯರು ಅಲ್ಲಿ ಸದಾ ಇರಬೇಕೆಂಬ ಒತ್ತಾಯಕ್ಕೂ ಅಷ್ಟೇ ಬಲ ಬರಬೇಕಾಗಿದೆ.