ವಂಶದ ಬೇರು ಹುಡುಕುವವರಿಗೆ ಕಂದಾಯ ಕಡತಗಳ ಭಾಷೆ

ದಾವಣಗೆರೆ: ಪೂರ್ವಜರ ವಿವರ ಅರಸಿ ತಾಲ್ಲೂಕು ಕಚೇರಿಗೆ ಹೋದವರಿಗೆ ಮೊದಲು ಎದುರಾಗುವ ತೊಡಕು ಭಾಷೆಯದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಯ ಹಳೆಯ ಕಂದಾಯ ಕಡತಗಳ ಲಿಪಿ ಕನ್ನಡವೇ ಆದರೂ ಶಾನುಭೋಗರು ಬಳಸಿದ ಅನೇಕ ಪದಗಳು ಅರಬ್ಬಿ, ಪಾರಸಿ ಮೂಲದವು.

'ಬಿನ್' ಎಂದರೆ ಮಗ. 'ಕೋಂ' ಎಂದರೆ ಹೆಂಡತಿ. 'ಉರುಫ್' ಎಂಬುದು ವ್ಯಕ್ತಿಯ ಇನ್ನೊಂದು ಹೆಸರನ್ನು ಸೂಚಿಸುತ್ತದೆ. 'ಕೋಂ' ಪದದ ಮುಂದಿರುವ ಗಂಡನ ಹೆಸರನ್ನು ತಂದೆಯದೆಂದು ತಿಳಿದರೆ ಸೊಸೆ ಮಗಳಾಗಿಬಿಡುತ್ತಾಳೆ. ವಂಶವೃಕ್ಷವೇ ತಪ್ಪು ಕವಲಿಗೆ ಹೊರಳುತ್ತದೆ. ಆಸ್ತಿ ವಿಭಾಗದ ವ್ಯಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಊರಿನ ಹೆಸರಿನ ಜೊತೆ 'ಬೇಚಿರಾಕ್' ಎಂದಿದ್ದರೆ ಅದು ದೀಪವಿಲ್ಲದ, ಅರ್ಥಾತ್ ಜನವಸತಿಯಿಲ್ಲದ ಗ್ರಾಮ. 'ಪೌತಿ' ಮರಣವನ್ನು ಸೂಚಿಸುವ ಪದ. ಆದರೆ ಪೌತಿ ಖಾತೆಯಾದ ವರ್ಷವನ್ನೇ ಮರಣದ ವರ್ಷವೆಂದು ಭಾವಿಸುವಂತಿಲ್ಲ. ಖಾತೆ ಬದಲಾವಣೆಯನ್ನು ವರ್ಷಗಟ್ಟಲೆ ಮುಂದೂಡುವ ರೂಢಿ ಇಂದಿನದಷ್ಟೇ ಅಲ್ಲ.

ಕಾಲಗಣನೆ ಇನ್ನೂ ಜಟಿಲ. ಬರಿಯ ಸಂವತ್ಸರದ ಹೆಸರಿರುವ ಪತ್ರಗಳು ಸಾಮಾನ್ಯ. 'ಪ್ರಭವ' 1867-68 ಆಗಬಹುದು, 1927-28 ಕೂಡ ಆಗಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ 'ಹನುಮಪ್ಪ ಬಿನ್ ತಿಮ್ಮಪ್ಪ' ಎಂಬವರು ಒಂದೇ ಮನೆಯಲ್ಲಿ ಇಬ್ಬರಿರುತ್ತಾರೆ. ಅರವತ್ತು ವರ್ಷದ ಆವರ್ತ ಈ ಇಬ್ಬರನ್ನೂ ಒಬ್ಬನನ್ನಾಗಿಸಬಲ್ಲದು. ಶಾಲಿವಾಹನ ಶಕವಿದ್ದರೆ 78 ಕೂಡಿಸಿದರಾಯಿತು. ಇಲ್ಲವಾದಲ್ಲಿ ಜಮೀನಿನ ಅಳತೆಯನ್ನು ನೋಡಬೇಕು: ಬಿತ್ತನೆಯ ಲೆಕ್ಕದ ಖಂಡುಗ, ಕೊಳಗ ಹಳೆಯ ಕ್ರಮ; ಸರ್ವೆ ನಂಬರು, ಎಕರೆ, ಗುಂಟೆ ನಂತರದವು.

ಜಗಳೂರಿಗೆ ನೆರೆಯ ಕೂಡ್ಲಿಗಿ ಕಡೆಯಿಂದ ಬಂದು ನೆಲೆಸಿದವರು ಇನ್ನೊಂದು ಆಡಳಿತದ ಕಡತಗಳನ್ನೂ ಶೋಧಿಸಬೇಕಾಗುತ್ತದೆ. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಅಲ್ಲಿನ ಕಂದಾಯ ಲೆಕ್ಕ ಫಸಲಿ ವರ್ಷದ್ದು. ಫಸಲಿ 1340 ಎಂದರೆ 1930ರ ಜುಲೈನಿಂದ ಆರಂಭವಾದ ವರ್ಷ. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಕಡತಗಳಲ್ಲಿ ಚನ್ನಗಿರಿ ಮತ್ತು ಹೊನ್ನಾಳಿಯನ್ನು ಶಿವಮೊಗ್ಗ ಜಿಲ್ಲೆಯಡಿ, ಜಗಳೂರನ್ನು ಚಿತ್ರದುರ್ಗದಡಿ ಹುಡುಕಬೇಕು. ನ್ಯಾಮತಿಯ ಗ್ರಾಮಗಳಿಗೆ ಹೊನ್ನಾಳಿ ತಾಲ್ಲೂಕಿನ ಹೆಸರಿರುತ್ತದೆ.

ಕಾಗದ ಮೌನವಾಗುವ ಕಡೆ ಬಾಯಿಮಾತು ನೆರವಾಗುತ್ತದೆ. ಎತ್ತಿನ ಮೇಲೆ ಊರೂರು ಸುತ್ತಿ ಮನೆತನಗಳ ತಲೆಮಾರು ಹೇಳುವ ಹೆಳವರ ಪರಂಪರೆ ಈ ನಾಡಿನದೇ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾಗಳ ಗೋರ್‌ಬೋಲಿಗೆ ಸ್ವಂತ ಲಿಪಿಯಿಲ್ಲ. ಕಿವಿಗೆ ಬಿದ್ದ ಹೆಸರನ್ನು ಕಡತ ಬರೆಯುವವರು ತಮಗೆ ತಿಳಿದಂತೆ ಕನ್ನಡಕ್ಕಿಳಿಸಿದಾಗ ಒಬ್ಬನೇ ವ್ಯಕ್ತಿ ಎರಡು ಕಡೆ ಎರಡು ಬಗೆಯಲ್ಲಿ ದಾಖಲಾಗಬಹುದು. ರಾಠೋಡ, ಪಮಾರ, ಚವ್ಹಾಣ ಮೊದಲಾದ ಕುಲನಾಮಗಳ ಬದಲು ಬರಿಯ 'ನಾಯ್ಕ' ಉಳಿದಿರುವುದೂ ಉಂಟು.

ಇದು ಕೇವಲ ಕುತೂಹಲದ ವಿಷಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಲ್ಲಿರುವ ಲಂಬಾಣಿಗರಿಗೂ ಈ ಷರತ್ತು ಅನ್ವಯ. ಹಳೆಯ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯವರೆಗೆ ತಲುಪುವ ವಂಶಾವಳಿಯನ್ನೂ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಅಂಗೀಕರಿಸುತ್ತವೆ.