ಲೀಟರಿಗೆ ಎಷ್ಟು ಕೊಡುತ್ತದೆ?

ನಮ್ಮ ಕಡೆ ಯಾರಾದರೂ ಹೊಸ ಗಾಡಿ ಕೊಂಡರೆ ನೋಡಲು ಬಂದವರು ಮೊದಲು ಅದರ ಬಣ್ಣವನ್ನು ಹೊಗಳುತ್ತಾರೆ. ಎರಡನೆಯ ಮಾತೇ "ಎಷ್ಟು ಕೊಡುತ್ತೆ?" ಹಿಂದೆ ಹಸು ಕೊಂಡವರನ್ನೂ ಹೀಗೇ ಕೇಳುತ್ತಿದ್ದರು. ಈಗ ಹಸುವಿನ ಜಾಗಕ್ಕೆ ಗಾಡಿ ಬಂದಿದೆ, ಹಾಲಿನ ಜಾಗಕ್ಕೆ ಕಿಲೋಮೀಟರು. ಇದು ಮಧ್ಯಮ ವರ್ಗದವರ ಜಿಪುಣತನ ಎಂದು ನಗುವವರಿದ್ದಾರೆ. ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಮಾತ್ರ ಆ ಪ್ರಶ್ನೆಯಲ್ಲಿ ಎಂಬತ್ತು ವರ್ಷಗಳ ಚರಿತ್ರೆ ಕಾಣಿಸುತ್ತದೆ. ನಮ್ಮ ನೆಲದಲ್ಲಿ ಸಾಕಷ್ಟು ಸಿಗದ ಎಣ್ಣೆಯನ್ನು ನಂಬಿ ಬದುಕು ಕಟ್ಟಿಕೊಂಡವರು ಕಲಿತ ಪ್ರಶ್ನೆ ಅದು.

ಎರಡನೆಯ ಮಹಾಯುದ್ಧದ ಕಾಲದಿಂದಲೇ ಶುರುಮಾಡೋಣ. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದರು. ಅಲ್ಲಿನ ಎಣ್ಣೆ ಬಾವಿಗಳು ವೈರಿಗಳ ಪಾಲಾಗಬಾರದೆಂದು ಬ್ರಿಟಿಷರೇ ಅವುಗಳನ್ನು ನಾಶ ಮಾಡಿ ಹಿಂದೆ ಸರಿದರು. ಭಾರತಕ್ಕೆ ಹತ್ತಿರದಿಂದ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಪೆಟ್ರೋಲಿಗೆ ರೇಷನ್ ಬಂತು, ಇದ್ದದ್ದೆಲ್ಲ ಸೈನ್ಯಕ್ಕೆ ಹೋಯಿತು. ನಮ್ಮ ಊರುಗಳ ಬಸ್ಸುಗಳು ಓಡಬೇಕಾದರೆ ಬೇರೆ ದಾರಿ ಬೇಕಿತ್ತು. ಹಿರಿಯರು ಹೇಳುತ್ತಿದ್ದ "ಇದ್ದಿಲು ಬಸ್ಸು" ಹುಟ್ಟಿದ್ದು ಆಗ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಇದ್ದಿಲು. ಕಡಿಮೆ ಗಾಳಿಯಲ್ಲಿ ಇದ್ದಿಲು ಅರೆಬರೆ ಉರಿದಾಗ ಹೊರಡುವ ಅನಿಲವೇ ಎಂಜಿನ್ನಿಗೆ ಆಹಾರ. ಹೊರಡುವ ಮೊದಲು ಕ್ಲೀನರ್ ಬಹಳ ಹೊತ್ತು ಹ್ಯಾಂಡಲ್ ತಿರುಗಿಸಿ ಗಾಳಿ ಹಾಕಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ತಳ್ಳಲೂ ಬೇಕು. ಊರು ಸೇರುವಷ್ಟರಲ್ಲಿ ಬಿಳಿ ಪಂಚೆ ಕಪ್ಪಾಗಿರುತ್ತಿತ್ತಂತೆ. ಯುದ್ಧ ಮುಗಿದು ಪೆಟ್ರೋಲು ಬಂದದ್ದೇ ಡ್ರಮ್ಮುಗಳು ಗುಜರಿ ಸೇರಿದವು, ಜನ ಕಷ್ಟವನ್ನೂ ಮರೆತರು.

ಮುಂದಿನ ಪಾಠ ಬಂದದ್ದು 1973ರಲ್ಲಿ. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧವಾಯಿತು. ಇಸ್ರೇಲಿನ ಪರ ನಿಂತ ದೇಶಗಳಿಗೆ ಎಣ್ಣೆ ಕೊಡುವುದಿಲ್ಲವೆಂದು ಅರಬ್ ದೇಶಗಳು ಪಟ್ಟು ಹಿಡಿದವು. ಪೀಪಾಯಿಗೆ ಸುಮಾರು 3 ಡಾಲರು ಇದ್ದ ಬೆಲೆ 1974ರ ಜನವರಿಗೆ 11 ಡಾಲರು ದಾಟಿತು. ಜಗಳ ಯಾರದೋ, ಬಿಸಿ ನಮಗೂ ತಟ್ಟಿತು. ಬೆಲೆ ಏರಿಕೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿಯವರು 1973ರ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು.

ಶ್ರೀಮಂತ ದೇಶಗಳೂ ಆಗ ಲೆಕ್ಕ ಹಾಕಲು ಕಲಿತವು. ಹಾಲೆಂಡಿನಲ್ಲಿ ಆ ನವೆಂಬರ್ 4ರಿಂದ ಕೆಲವು ಕಾಲ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಲ್ಲಿಸಿದರು. ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು. ಅಮೆರಿಕದಲ್ಲಿ ಆಗಿನ ಕಾರುಗಳು ಗ್ಯಾಲನ್ನಿಗೆ ಓಡುತ್ತಿದ್ದುದು ಸರಾಸರಿ ಸುಮಾರು 14 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ 6 ಕಿಲೋಮೀಟರು. 1985ರ ಹೊತ್ತಿಗೆ ಹೊಸ ಕಾರುಗಳ ಸರಾಸರಿ 27.5 ಮೈಲಿಗೆ ಏರಬೇಕೆಂದು 1975ರಲ್ಲಿ ಅಲ್ಲಿ ಕಾನೂನು ಬಂತು. ಕಾರುಗಳ ತೂಕ ಇಳಿಯಿತು, ಎಂಜಿನ್ನು ಚಿಕ್ಕದಾಯಿತು, ಗುರಿಯೂ ಹೆಚ್ಚುಕಡಿಮೆ ಮುಟ್ಟಿತು. ಆದರೆ ಎಂಬತ್ತರ ದಶಕದ ನಡುವೆ ಎಣ್ಣೆ ಅಗ್ಗವಾಯಿತು. ಆ ಕಾನೂನಿನಲ್ಲಿ ಟ್ರಕ್ಕುಗಳಿಗೆ ಸಡಿಲವಾದ ಲೆಕ್ಕವಿತ್ತು. ಟ್ರಕ್ಕಿನ ಹೆಸರಿನಲ್ಲಿ ಭಾರೀ ಗಾಡಿಗಳು ಮನೆ ಮನೆಗೆ ಬಂದವು. ಕಾನೂನು ಉಳಿಯಿತು, ಉಳಿತಾಯ ಸೋರಿಹೋಯಿತು.

ನಮ್ಮಲ್ಲಿ ಬದಲಾವಣೆ ಬಂದದ್ದು ಅಂಗಡಿಯ ಬಾಗಿಲಿನಿಂದ. 1983ರ ಡಿಸೆಂಬರಿನಲ್ಲಿ ಹಗುರಾದ ಮಾರುತಿ 800 ರಸ್ತೆಗಿಳಿಯಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂತು. ಅದುವರೆಗೆ ನಾವು ಕಂಡಿದ್ದ ಸ್ಕೂಟರುಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್. ಅವುಗಳಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆ ಹಾಗೆಯೇ ಹೊರಗೆ ಹೋಗುತ್ತಿತ್ತು. ಹಸಿ ಸೌದೆಯ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೌದೆ ಖರ್ಚಾಗುತ್ತದೆ, ಅನ್ನ ಬೇಯುವುದಿಲ್ಲ. ಹೊಸ ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ನು ಒಳಗೆ ಹೋದ ಪೆಟ್ರೋಲನ್ನು ಬಹುಪಾಲು ಉರಿಸಿಯೇ ಬಿಡುತ್ತಿತ್ತು. ಲೀಟರಿಗೆ 80 ಕಿಲೋಮೀಟರು ಎಂದು ಜಾಹೀರಾತು ಹೇಳಿತು. ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಕೊನೆಯ ಹನಿಯನ್ನೂ ಎಂಜಿನ್ನಿಗೆ ಇಳಿಸುತ್ತಿದ್ದ ಗಂಡಸರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ? ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, "ಎಷ್ಟು ಕೊಡುತ್ತೆ" ಎಂಬ ಒಂದು ಪ್ರಶ್ನೆ ಕಾರ್ಖಾನೆಗಳ ದಾರಿಯನ್ನೇ ತಿರುಗಿಸಿತು. ಅಷ್ಟರಲ್ಲಿ ಬಾಂಬೆ ಹೈ ಸಮುದ್ರದ ಎಣ್ಣೆಯೂ ಸಿಕ್ಕಿ, ಎಂಬತ್ತರ ದಶಕದ ನಡುವೆ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಇಲ್ಲೇ ದೊರೆಯುತ್ತಿತ್ತು.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿತು. ಎಣ್ಣೆಯ ಬೆಲೆ ಜಿಗಿಯಿತು. ಕೊಲ್ಲಿಯಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹಿಂದಿರುಗಿದರು, ನಮ್ಮ ಕರಾವಳಿಯವರೂ ಅವರಲ್ಲಿದ್ದರು. ಅವರು ಕಳಿಸುತ್ತಿದ್ದ ಹಣವೂ ನಿಂತಿತು. ಸರ್ಕಾರದ ಸಾಲದ ಹೊರೆ ಮೊದಲೇ ಬೆಳೆದಿತ್ತು, ಎಣ್ಣೆಯ ಬಿಲ್ಲು ಅದರ ಮೇಲೆ ಬಂದು ಕೂತಿತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಉಳಿಯಿತು. 1991ರ ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನವೇರಿ ಇಂಗ್ಲೆಂಡಿಗೆ ಹೋಗಿ ಅಡವು ಕೂತಿತು.

ಆ ವರ್ಷವೇ ನನ್ನ ಬಿ.ಎಡ್. ಫೀಸಿಗೆಂದು ಅವ್ವ ತನ್ನ ಎರಡು ಬಳೆ ಅಡವಿಟ್ಟಿದ್ದಳು. ಪೇಪರಿನ ಸುದ್ದಿ ಓದಿ ಹೇಳಿದಾಗ ಅವಳು ಅಂದದ್ದು ಇಷ್ಟೇ: "ಓದಿಗೆ ಇಟ್ಟ ಬಳಿ ತಿರುಗಿ ಬರ್ತಾವ. ಸುಟ್ಟು ಹೊಗಿ ಆಗೂದಕ್ಕ ಚಿನ್ನ ಇಟ್ರ ಏನು ಉಳೀತದ?" ಅರ್ಥಶಾಸ್ತ್ರಜ್ಞರು ಇದಕ್ಕೆ ನೂರು ತಿದ್ದುಪಡಿ ಹೇಳಬಹುದು. ಮನೆ ನಡೆಸಿದವರಿಗೆ ಮಾತ್ರ ಆ ಮಾತು ನೇರ ಅರ್ಥವಾಗುತ್ತದೆ.

ಹಾಗಾದರೆ ಮುಂದೆ ನಾವು ಉಳಿಸಿದೆವೆ? ಗಾಡಿಗಳು ಉಳಿಸಿದವು. ಕಾರುಗಳ ಇಂಧನ ಬಳಕೆಗೆ ಮಿತಿ ಹಾಕುವ ನಿಯಮ ನಮ್ಮಲ್ಲೂ 2017ರಿಂದ ಬಂತು. ಆದರೆ ಗಾಡಿಗಳ ಸಂಖ್ಯೆ ಉಳಿತಾಯವನ್ನು ಮೀರಿ ಓಡಿತು. 1990-91ರಲ್ಲಿ ದೇಶ ಬಳಸಿದ ಪೆಟ್ರೋಲಿಯಂ ಉತ್ಪನ್ನ ಸುಮಾರು 5.5 ಕೋಟಿ ಟನ್. 2023-24ರಲ್ಲಿ ಅದು 23 ಕೋಟಿ ಟನ್ ದಾಟಿತು. ನಮಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ 85 ಪಾಲಿಗೂ ಹೆಚ್ಚು ಹೊರಗಿನದು. ಆಪತ್ಕಾಲಕ್ಕೆಂದು ಮಂಗಳೂರಿನಲ್ಲೂ ಉಡುಪಿ ಕಡೆಯ ಪಾದೂರಿನಲ್ಲೂ ಬಂಡೆ ಕೊರೆದು ನೆಲದಡಿಯಲ್ಲಿ ಎಣ್ಣೆ ತುಂಬಿಡುವ ಗುಹೆಗಳನ್ನು ಮಾಡಿದ್ದಾರೆ. ವಿಶಾಖಪಟ್ಟಣದ್ದೂ ಸೇರಿ 53 ಲಕ್ಷ ಟನ್ ಹಿಡಿಯುತ್ತದೆ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಹಾಗೆಯೇ. ಹಗೇವು ಒಂದು ಬರಗಾಲ ದಾಟಿಸುತ್ತಿತ್ತು. ಈ ಗುಹೆಗಳೆಲ್ಲ ತುಂಬಿದ್ದರೂ ಇಡೀ ದೇಶಕ್ಕೆ ಹತ್ತು ದಿನವೂ ಪೂರ್ತಿ ಬಾರದು.

ಆದ್ದರಿಂದ ಹಳೆಯ ಪ್ರಶ್ನೆಗೆ ಇನ್ನೊಂದನ್ನು ಜೋಡಿಸಬೇಕೆಂದು ನನಗನ್ನಿಸುತ್ತದೆ: "ಎಷ್ಟು ಜನರಿಗೆ ಕೊಡುತ್ತೆ?" ತರಗತಿಯಲ್ಲಿ ಮಕ್ಕಳಿಗೆ ಒಂದು ಲೆಕ್ಕ ಕೊಡುತ್ತೇನೆ. ಲೀಟರಿಗೆ 18 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬರೇ ಹೋದರೆ ಒಂದು ಲೀಟರು ಒಬ್ಬರನ್ನು 18 ಕಿಲೋಮೀಟರು ಒಯ್ಯಿತು. 50 ಓಡುವ ಸ್ಕೂಟರಿನಲ್ಲಿ ಇಬ್ಬರು ಹೋದರೆ ನೂರರ ಲೆಕ್ಕ. ಬಸ್ಸು ಲೀಟರಿಗೆ ನಾಲ್ಕೇ ಕಿಲೋಮೀಟರು ಓಡಲಿ, ಐವತ್ತು ಜನ ಕೂತರೆ ಇನ್ನೂರು. ಎಲ್ಲಕ್ಕಿಂತ ಕಡಿಮೆ "ಕೊಡುವ" ಗಾಡಿಯೇ ಎಲ್ಲಕ್ಕಿಂತ ಹೆಚ್ಚು ಕೊಟ್ಟಿತು! 2023ರ ಜೂನಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ತೆಗೆದಾಗ ಗೇಲಿ ಮಾಡಿದವರು ಈ ಲೆಕ್ಕವನ್ನೂ ಒಮ್ಮೆ ಮಾಡಬೇಕಿತ್ತು.

ಕರೆಂಟಿನ ಗಾಡಿ ಇದೆಯಲ್ಲ ಎನ್ನುವವರಿದ್ದಾರೆ. 2001ರಲ್ಲೇ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ಕರೆಂಟಿನ ಕಾರು ಬಂದಿತ್ತು. ಈಗ ಓಣಿ ಓಣಿಯಲ್ಲಿ ಅಂಥ ಸ್ಕೂಟರುಗಳು ಸದ್ದಿಲ್ಲದೆ ಓಡುತ್ತಿವೆ. ಒಳ್ಳೆಯದೇ. ಆದರೂ ಕರೆಂಟಿನಲ್ಲಿ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತಿರುವಾಗ ಅದನ್ನೂ ಹಿತಮಿತವಾಗಿಯೇ ಬಳಸಬೇಕಾಗುತ್ತದೆ.

ಮನೆಗೆ ಗಾಡಿ ತರುವಾಗ ನಮ್ಮನ್ನು ಸಾಮಾನ್ಯವಾಗಿ ಬಣ್ಣಕ್ಕಷ್ಟೇ ಕೇಳುತ್ತಾರೆ. ಬಣ್ಣವನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಇಷ್ಟು ದೊಡ್ಡ ಗಾಡಿ ಯಾಕೆ, ದಿನಾ ಅದರಲ್ಲಿ ಕೂಡುವವರು ಎಷ್ಟು ಮಂದಿ, ಪೇಟೆಗೆ ಬಸ್ಸಿಲ್ಲವೆ ಎಂದು ನಾವು ಕೇಳೋಣ. ಗ್ಯಾಸಿನ ಒಂದು ಸಿಲಿಂಡರನ್ನು ತಿಂಗಳ ಮೇಲೆ ನಾಲ್ಕು ದಿನ ಹೆಚ್ಚು ಬರುವಂತೆ ನಡೆಸಿದವರಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇದೆ, ಅನುಭವವೂ ಇದೆ.