ಮನೆವಣದಿಂದ ಮನೆಪಟ್ಟಿಯವರೆಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಪರಊರಿನಲ್ಲಿ ಮನೆ ಕಟ್ಟಿದವರು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು: ಮನೆಪಟ್ಟಿ ತೆತ್ತು ನೋಡು.

ನಾಗಪುರದ ಹೆಸರು ಮೊಟ್ಟಮೊದಲು ಕಾಣಸಿಗುವುದೇ ಕನ್ನಡ ನಾಡಿನ ಅರಸನೊಬ್ಬನ ದಾನಪತ್ರದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟ ಶಕವರ್ಷ 862ರದು, ಎಂದರೆ ಕ್ರಿ.ಶ. 940ರದು. ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ‘ನಾಗಪುರ-ನಂದಿವರ್ಧನ’ ವಿಷಯದಲ್ಲಿ ಒಂದು ಗ್ರಾಮವನ್ನು ದಾನವಿತ್ತ ಸಂಗತಿ ಅದರಲ್ಲಿದೆ. ದಾನವನ್ನು ತಾಮ್ರದಲ್ಲಿ ಕೆತ್ತಿಸುತ್ತಿದ್ದುದೇಕೆ? ಮುಂದೆ ಬರುವ ಅರಸರೂ ಅಧಿಕಾರಿಗಳೂ ‘ಇದು ನಮಗೆ ತಿಳಿಯದು’ ಎನ್ನಬಾರದೆಂದು. ಬಾಯಿಮಾತು ಅಳಿಯುತ್ತದೆ, ಬರೆಹ ಉಳಿಯುತ್ತದೆ.

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಮನೆಯ ಮೇಲಿನ ತೆರಿಗೆಗೆ ‘ಮನೆವಣ’ ಎಂಬ ಹೆಸರುಂಟು. ತೆರಿಗೆ ಹಳೆಯದು, ಅದರ ಬಗೆಗಿನ ತಕರಾರೂ ಹೊಸದಲ್ಲ. 1810ರಲ್ಲಿ ಕುಂಪಣಿ ಸರಕಾರವು ಮನೆತೆರಿಗೆಯ ಕಟ್ಟಳೆ ಹೊರಡಿಸಿದಾಗ ಕಾಶಿಯ ಜನ ಅಂಗಡಿ ಮುಚ್ಚಿ, ಕೆಲಸ ಬಿಟ್ಟು, ಬಯಲಿನಲ್ಲಿ ಕುಳಿತು ಮನವಿ ಬರೆದುಕೊಂಡರು. ಕೊನೆಗೆ 1812ರಲ್ಲಿ ಆ ತೆರಿಗೆಯನ್ನು ಕೈಬಿಡಲಾಯಿತು. ಅಂದು ಊರಿಗೆ ಊರೇ ಹೇಳಬೇಕಾಗಿದ್ದ ಮಾತನ್ನು ಇಂದು ಒಬ್ಬ ಗೃಹಸ್ಥನು ಒಂದು ಹಾಳೆಯ ಮೇಲೆ ಬರೆದು ಹೇಳಬಹುದು. ಇದೇನು ಸಣ್ಣ ಹಕ್ಕಲ್ಲ.

ನಾಗಪುರಕ್ಕೆ ಪುರಸಭೆ ಬಂದದ್ದು 1864ರಲ್ಲಿ, ಕಾರ್ಪೊರೇಶನ್ ಆದದ್ದು 1951ರಲ್ಲಿ. 1956ರ ನವೆಂಬರ್ 1ರಂದು ನಾವು ಇಲ್ಲಿ ಕುಳಿತು ಕನ್ನಡನಾಡು ಒಂದಾಯಿತೆಂದು ಹಿಗ್ಗಿದ ದಿನವೇ ಈ ಊರು ಮಧ್ಯಪ್ರದೇಶದ ರಾಜಧಾನಿಯ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ 1948ರ ನಾಗಪುರ ಕಾರ್ಪೊರೇಶನ್ ಕಾಯಿದೆ ಮಾತ್ರ ಬಹುಕಾಲ ನಡೆಯಿತು. 2012ರಲ್ಲಿ ಅದು ರದ್ದಾಗಿ, ಮಹಾರಾಷ್ಟ್ರದ ಇತರ ನಗರಗಳ ಕಾಯಿದೆಯೇ ಇಲ್ಲಿಗೂ ಬಂತು.

ಬಾಡಿಗೆಯ ಆಧಾರದ ಲೆಕ್ಕ ಹೀಗೆ: ಮನೆಗೆ ತಿಂಗಳಿಗೆ 2000 ರೂಪಾಯಿ ಬಾಡಿಗೆ ಬರಬಹುದೆಂದು ಅಂದಾಜಾದರೆ ವರ್ಷಕ್ಕೆ 24000. ದುರಸ್ತಿಯ ಬಾಬ್ತು ನೂರಕ್ಕೆ ಹತ್ತು ಕಳೆದರೆ 21600. ತೆರಿಗೆ ಬೀಳುವುದು ಈ ಮೊತ್ತದ ಮೇಲೆ. ಆದುದರಿಂದ ವಾದವೆಲ್ಲ ಮೊದಲ ಅಂಕಿಯದೇ. ಬಾಡಿಗೆ ನಿಯಂತ್ರಣದ ಕಾನೂನು ಇರುವಲ್ಲಿ ನ್ಯಾಯಬಾಡಿಗೆಯನ್ನು ಮೀರಿ ಅಂದಾಜು ಮಾಡಲಾಗದೆಂದು ದಿಲ್ಲಿಯ ದಿವಾನ್ ದೌಲತ್ ರಾಯ್ ಕಪೂರರ ಮೊಕದ್ದಮೆಯಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಅಂದಾಜು ಹೆಚ್ಚೆನಿಸಿದರೆ ಮೊದಲು ಕಮಿಶನರರಿಗೆ ತಕರಾರು ಅರ್ಜಿ. ಅಲ್ಲಿ ಸಮಾಧಾನವಾಗದಿದ್ದರೆ ನ್ಯಾಯಾಧೀಶರಿಗೆ ಅಪೀಲು. ಅದಕ್ಕೆ ಹದಿನೈದು ದಿನದ ಗಡುವು; ಮೊದಲು ತಕರಾರು ಕೊಟ್ಟಿರಬೇಕು; ವಿವಾದದ ತೆರಿಗೆಯನ್ನು ಕಟ್ಟಿರಬೇಕು. ತೆರಿಗೆ ನಿಲ್ಲಿಸಿ ಜಗಳವಾಡುವ ದಾರಿ ಇದಲ್ಲ, ತೆರಿಗೆ ಕಟ್ಟಿ ನ್ಯಾಯ ಕೇಳುವ ದಾರಿ.

ಈ ಗಡುವಿನ ಬೆಲೆ ನಮಗೆ ತಿಳಿದದ್ದು ನಮ್ಮ ತಪ್ಪಿನಿಂದಲೇ. ನಮ್ಮ ಮನೆಗೆ ಮರಾಠಿಯಲ್ಲಿ ನೋಟೀಸು ಬಂದಾಗ ತೀರ್ಥರೂಪರು ಅದನ್ನು ವರ್ಷವರ್ಷದ ಬಿಲ್ಲೆಂದೇ ತಿಳಿದು ದೇವರ ಗೂಡಿನ ಬಳಿ ಇಟ್ಟರು. ದಸರೆಯ ಹೊತ್ತಿಗೆ ಗೂಡು ಒರಸುವಾಗ ತೆಗೆದು ಓದಿಸಿದರೆ, ಹಿಂದಿನ ಒಂದೇ ಕೋಣೆಯನ್ನು ಎರಡೆಂದು ಬರೆಯಲಾಗಿತ್ತು. ಗಡುವು ಎಂದೋ ಮುಗಿದಿತ್ತು. “ಮೂವತ್ತು ವರ್ಷ ಈ ಊರ ನೀರು ಕುಡಿದೆ, ಈ ಊರ ಅಕ್ಷರ ಕಲಿಯಲಿಲ್ಲವಲ್ಲ” ಎಂದು ಅವರು ನೊಂದುಕೊಂಡದ್ದು ನಮಗೆ ಇನ್ನೂ ನೆನಪಿದೆ. ಆ ವರ್ಷ ಇಲ್ಲದ ಕೋಣೆಗೂ ತೆರಿಗೆ ತೆತ್ತೆವು.

ಮನೆಯೊಳಗೆ ಕನ್ನಡ ಬೆಳೆಯಲಿ. ಹೊಸ್ತಿಲಿಗೆ ಬಂದ ಮರಾಠಿ ಕಾಗದವನ್ನು ಅಂದೇ ಓದುವ ಮಗುವೂ ಆ ಮನೆಯಲ್ಲಿರಲಿ. ರಸೀತಿ, ನಕ್ಷೆ, ನೋಟೀಸುಗಳನ್ನು ಒಂದೆಡೆ ಜೋಪಾನವಾಗಿಡೋಣ. ಸಾವಿರ ವರ್ಷದ ಹಿಂದೆ ದೇವಳಿಯ ತಾಮ್ರಪಟ ಮಾಡಿದ ಕೆಲಸವನ್ನೇ ನಮ್ಮ ಕಾಲದಲ್ಲಿ ಈ ಕಾಗದಗಳು ಮಾಡುತ್ತವೆ.